ಗಿರಣಿಯಲ್ಲಿ ಅಮ್ಮನ ಜಾಗ

"ಈಗಷ್ಟ ಯಾರು ಎದ್ದು ಹೋದ್ರು ಇಲ್ಲಿಂದ?" ಎಂದು ಖಾಲಿ ಚಾಪೆ ಮುಟ್ಟಿ ಗಟ್ಟಿಯಾಗಿಯೇ ಕೇಳಿದೆ. ಸುತ್ತ ಯಾರೂ ಇರಲಿಲ್ಲ. ಚಾಪೆ ಬೆಚ್ಚಗಿತ್ತು.

ನಮ್ಮ ಚರ್ಚು ರಿಪೇರಿಗೆ ಮುಚ್ಚಿದ್ದರಿಂದ ಭಾನುವಾರದ ಪೂಜೆ ಕಡ್ಡಿರಾಂಪುರದ ಮರುಳಸಿದ್ದಪ್ಪನವರ ಅಕ್ಕಿ ಗಿರಣಿಯಲ್ಲಿ ನಡೆಯುತ್ತಿತ್ತು. ಚರ್ಚಿನಲ್ಲಿ ಕೂರುತ್ತಿದ್ದ ಕ್ರಮದಲ್ಲೇ ಅಲ್ಲೂ ಕೂರುತ್ತಿದ್ದೆವು. ಹಾಗಾಗಿ, ರಿಪೇರಿಗೆ ಮೊದಲೇ ತೀರಿಕೊಂಡ ನಮ್ಮಮ್ಮನ ಜಾಗ ಖಾಲಿ ಉಳಿಯುತ್ತಿತ್ತು. ಅಮ್ಮ ಆ ಗಿರಣಿಯನ್ನು ಕಂಡವಳೇ ಅಲ್ಲ. ಎಲ್ಲ ಚಾಪೆಗಳ ಮೇಲೂ ತೌಡಿನ ಧೂಳು ಕೂರುತ್ತಿತ್ತು, ಅವಳ ಚಾಪೆಯ ಮೇಲೆ ಮಾತ್ರ ಇಲ್ಲ. ನಾನು ಜಪಸರ ಹೇಳಿಸುವಾಗ ಎಲ್ಲರ ಉತ್ತರ ಮುಗಿದ ಮೇಲೆ ಅಲ್ಲಿಂದ ಒಂದು 'ಆಮೆನ್' ತಡವಾಗಿ, ಅಮ್ಮನ ಹಾಗೆ ಎಳೆದುಕೊಂಡು ಬರುತ್ತಿತ್ತು. ನನಗೆ ಭಯವಾಗಲಿಲ್ಲ. ವಾರವಿಡೀ ಭಾನುವಾರಕ್ಕೆ ಕಾಯುತ್ತಿದ್ದೆ.

ಚರ್ಚು ಸಿದ್ಧವಾಯಿತು. ಅಮ್ಮ ಗಿರಣಿಯಲ್ಲೇ ಉಳಿದುಬಿಟ್ಟರೆ ಎಂಬುದೊಂದೇ ನನ್ನ ಚಿಂತೆ. ಕೊನೆಯ ಪೂಜೆ ಮುಗಿದ ಮೇಲೆ ಮರುಳಸಿದ್ದಪ್ಪನವರ ಹೆಂಡತಿ ಪಂಪಮ್ಮನವರ ಬಳಿ ಹೋದೆ.

"ಆ ಒಂದು ಚಾಪಿ ನನಗ ಕೊಡ್ರಿ ಅಕ್ಕಾ. ಹೊಸಾದು ತಂದುಕೊಡ್ತೀನಿ."

ಪಂಪಮ್ಮ ಕಸಬರಿಗೆ ಕೆಳಗಿಟ್ಟು ನಕ್ಕರು.

"ನೀ ಬರಾದು ವಾರಕ್ಕೊಮ್ಮೆ. ಆ ಅವ್ವಾರು ದಿನಾ ಮಧ್ಯಾಹ್ನ ನನ್ನ ಜೋಡಿ ಕುಂದ್ರತಾರ. ಕೊಡಂಗಿಲ್ಲ, ಹೋಗು ತಂಗಿ."