ಎಡಗಡೆಯ ಬ್ರೇಕು

ಮಂಗಳವಾರ, ಮಾರ್ಚ್ 11, 2025. ಬೆಳಿಗ್ಗೆ 8.10ಕ್ಕೆ ಅಡರಕಟ್ಟಿಯ ನಾಗರತ್ನಾ ಲಕ್ಷ್ಮೇಶ್ವರದ ಠಾಣೆಗೆ ಬಂದು ದೂರು ಕೊಟ್ಟಳು. ಏಳು ಗಂಟೆಯ ಸುಮಾರಿಗೆ ಅವಳ ಅತ್ತೆ ಅಮೃತವ್ವ, ವಯಸ್ಸು 62, ಹಾಲಿನ ಕ್ಯಾನು ಹಿಡಿದು ರಸ್ತೆ ದಾಟುತ್ತಿದ್ದಾಗ ಡ್ರೈವಿಂಗ್ ಶಾಲೆಯ ಲಾರಿ ಹಾಯ್ದು ಜಾಗದಲ್ಲೇ ಸತ್ತಿದ್ದಳು. ಸಹಿ ಮಾಡುವಾಗ ನಾಗರತ್ನಾ ಕೇಳಿದ್ದು ಒಂದೇ ಮಾತು, ಹೆಣ ಎಷ್ಟು ಹೊತ್ತಿಗೆ ಕೊಡುತ್ತೀರಿ ಎಂದು. ಪಿಎಸ್‌ಐ ನಂದೀಶ ಗೋಡೆಯ ಗಡಿಯಾರ ನೋಡಿದ. ಮಧ್ಯಾಹ್ನ ಮೂರು ಗಂಟೆ ಆಗಬಹುದೆಂದು ಹೆಡ್ ಕಾನ್‌ಸ್ಟೇಬಲ್ ಸಕ್ರಪ್ಪ ಹೇಳಿದ.

ಭಾರತೀಯ ನ್ಯಾಯ ಸಂಹಿತೆಯ ಕಲಂ 281 (ಅಜಾಗರೂಕ ಚಾಲನೆ) ಮತ್ತು 106ರ (ನಿರ್ಲಕ್ಷ್ಯದಿಂದ ಸಾವು) ಅಡಿ ಎಫ್‌ಐಆರ್ ಆಯಿತು. ಆರೋಪಿಯನ್ನು ಹುಡುಕುವ ಕೆಲಸವಿರಲಿಲ್ಲ. ನಾಗರತ್ನಾ ಬರುವ ಮೊದಲೇ ಅವನು ಠಾಣೆಯ ಬೆಂಚಿನ ಮೇಲೆ ಬಂದು ಕುಳಿತಿದ್ದ. ಹೆಸರು ಮರ್ದಾನಸಾಬ. ಮೂವತ್ತೊಂದು ವರ್ಷ ಲಾರಿ ಓಡಿಸಿದವನು, ಈಗ ಆರು ವರ್ಷದಿಂದ ಕಲಿಸುವವನು. ಕಲಿಯುವವರೆಲ್ಲ ಉಸ್ತಾದ್ ಎನ್ನುತ್ತಿದ್ದರು. ಆ ಹೊತ್ತು ಸ್ಟೇರಿಂಗ್ ಹಿಡಿದಿದ್ದವನು ಶಿರಹಟ್ಟಿಯ ಹೊನ್ನೇಶ. ಉಸ್ತಾದ್ ಪಕ್ಕದಲ್ಲಿದ್ದ. ಕಲಿಸುವ ಲಾರಿಯಲ್ಲಿ ಎಡಗಡೆಯ ಸೀಟಿಗೂ ಒಂದು ಬ್ರೇಕು ಇರುತ್ತದೆ. ಕಲಿಯುವವನು ಏನೇ ತಪ್ಪು ಮಾಡಲಿ, ಉಸ್ತಾದ್ ನಿಲ್ಲಿಸಬಲ್ಲ.

“ನೀವು ಬ್ರೇಕ್ ಒತ್ತಿದ್ರೇನು?” ನಂದೀಶ ಕೇಳಿದ.

“ಒತ್ತೀನಿ ಅನಸ್ತೈತ್ರಿ. ಒತ್ತಿದ್ರ ನಿಲ್ಲತಿತ್ತಲ್ರಿ.”

“ಮತ್ತ?”

“ಎರಡ ವರ್ಷ ಆತ್ರಿ, ಮೊಣಕಾಲು ಹೋಗೇತಿ. ಮಾಲೀಕರಿಗೆ ಹೇಳಿದ್ದಿಲ್ಲ. ತಪ್ಪು ನನ್ನ ಕಾಲಿಂದು, ಸಾಹೇಬ್ರ. ಆ ಹುಡುಗಂದು ಗುರುವಾರ ಗದಗಿನಾಗ ಟೆಸ್ಟ್ ಐತಿ. ಅವನ ಹೆಸರು ಬರೀಬ್ಯಾಡ್ರಿ.”

ಇಂಥ ಆರೋಪಿ ವರ್ಷಕ್ಕೊಬ್ಬ ಸಿಕ್ಕರೆ ಓಡಾಟ ತಪ್ಪಿ ನಮ್ಮ ಮೊಣಕಾಲುಗಳಾದರೂ ಉಳಿಯುತ್ತಿದ್ದವು ಎಂದು ಸಕ್ರಪ್ಪ ಹೊರಗೆ ಬಂದು ಗೊಣಗಿದ. ನಂದೀಶ ನಗಲಿಲ್ಲ. ಮುದುಕ ಎರಡೂ ಕೈಯಿಂದ ಬಲಮೊಣಕಾಲು ಅದುಮಿಕೊಂಡು ಕುಳಿತಿದ್ದ, ಬಿಟ್ಟರೆ ಅದು ಇನ್ನೊಬ್ಬರನ್ನು ಕೊಂದೀತು ಅನ್ನುವ ಹಾಗೆ. ಹೇಳಿಕೆಗೆ ಸಹಿ ಬಿದ್ದ ಮೇಲೂ ಜೈಲಿನಿಂದ ಜಾಮೀನು ಸಿಗಬಹುದು, ಆ ಕಾಲಿನಿಂದ ಸಿಗುವುದಿಲ್ಲ. ಸಹಿಯನ್ನು ಸಂಜೆಗೆ ಮಾಡಿಸೋಣ ಎಂದ ನಂದೀಶ.

9.40ಕ್ಕೆ ಸ್ಥಳ ಪಂಚನಾಮೆ. ರಸ್ತೆ ನೆಟ್ಟಗಿತ್ತು, ತಿರುವಿಲ್ಲ, ಮರವಿಲ್ಲ. ಅಮೃತವ್ವ ಬಿದ್ದ ಜಾಗದ ಈಚೆಗೆ ಟೈರು ಉಜ್ಜಿದ ಗುರುತು ಒಂದೂ ಇರಲಿಲ್ಲ. ಒಬ್ಬನ ಕಾಲು ಕೈಕೊಟ್ಟಿತು ಸರಿ, ಇನ್ನೊಬ್ಬನದು ಏನು ಮಾಡುತ್ತಿತ್ತು?

12.30ಕ್ಕೆ ಗದಗಿನಿಂದ ಮೋಟಾರು ವಾಹನ ನಿರೀಕ್ಷಕರು ಬಂದರು. ಠಾಣೆಯ ಅಂಗಳದಲ್ಲೇ ಲಾರಿ ಓಡಿಸಿ ಬಲಗಡೆಯ ಬ್ರೇಕು ಒತ್ತಿದರು. ಲಾರಿ ಗಕ್ಕನೆ ನಿಂತಿತು. ಎಡಗಡೆಯದನ್ನು ಕೈಯಿಂದ ಒತ್ತಿದರು. ಅದು ಹಾಲುಹಲ್ಲಿನಂತೆ ಅಲ್ಲಾಡಿ ನೆಲಕ್ಕೆ ಮಲಗಿತು. ಸಕ್ರಪ್ಪ ಅಂಗಿ ಬಿಚ್ಚಿಟ್ಟು ಲಾರಿಯ ಕೆಳಗೆ ತೂರಿದ. ಎಡ ಬ್ರೇಕಿನ ಸರಳನ್ನು ಬಲ ಬ್ರೇಕಿನದಕ್ಕೆ ಜೋಡಿಸುವ ಪಿನ್ನು ಅಲ್ಲಿರಲಿಲ್ಲ. ಸಡಿಲಾದ ಸರಳು ಸದ್ದು ಮಾಡದಂತೆ ಯಾರೋ ಅದನ್ನು ತಂತಿಯಿಂದ ಮೇಲಕ್ಕೆ ಕಟ್ಟಿದ್ದರು.

“ತಾನಾಗೇ ಬಿದ್ದ ಪಿನ್ನು ತಂತಿ ಕಟ್ಟಿ ಹೋಗೋದಿಲ್ರಿ,” ಎಂದರು ನಿರೀಕ್ಷಕರು.

ಲಾರಿಯನ್ನು ಮುಟ್ಟಿದವರು ಯಾರ್‍ಯಾರು? ಮಾಲೀಕ ಶಾಲೆಯ ರೂಢಿ ಹೇಳಿದ. ದಿನದ ಮೊದಲ ಪಾಳಿ ಯಾರದೋ ಅವರೇ ಬೆಳಿಗ್ಗೆ ಬಂದು ಲಾರಿ ತೊಳೆಯಬೇಕು. ಮಂಗಳವಾರದ ಪಾಳಿ ಮಲ್ಲು ಎಂಬ ಇನ್ನೊಬ್ಬ ಕಲಿಯುವವನದು. ಸೋಮವಾರ ಸಂಜೆ ಹೊನ್ನೇಶ ಅದನ್ನು ತಾನಾಗಿ ಕೇಳಿ ತೆಗೆದುಕೊಂಡಿದ್ದ.

2.45ಕ್ಕೆ ಹೊನ್ನೇಶನನ್ನು ಕರೆತಂದರು. ಇಪ್ಪತ್ನಾಲ್ಕು ವರ್ಷ. ನಂದೀಶ ಏನೂ ಕೇಳದೆ ತಂತಿಯನ್ನು ಮೇಜಿನ ಮೇಲಿಟ್ಟ. ಹೊನ್ನೇಶ ಅದನ್ನು ನೋಡಿದ. ಅಂಗಿಯ ಕಿಸೆಯಿಂದ ಬೆರಳುದ್ದದ ಪಿನ್ನು ತೆಗೆದು ಅದರ ಪಕ್ಕಕ್ಕಿಟ್ಟ.

ಅವನು ಹೇಳಿದ್ದು ಇಷ್ಟು. ಎರಡು ತಿಂಗಳು ಕಲಿತರೂ ಲಾರಿ ಯಾರ ಕಾಲಿಗೆ ನಿಲ್ಲುತ್ತದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಅವನ ಕಾಲು ಮುಟ್ಟುವಷ್ಟರಲ್ಲಿ ಉಸ್ತಾದನ ಕಾಲು ಒತ್ತಿಯಾಗಿರುತ್ತಿತ್ತು. ಫೆಬ್ರುವರಿಯ ಮೊದಲ ಟೆಸ್ಟಿನಲ್ಲಿ ಎಡಗಡೆ ಕುಳಿತ ಅಧಿಕಾರಿ ಕಾಲು ಹಿಂದಕ್ಕೆ ಎಳೆದುಕೊಂಡಿದ್ದರು. ಲಾರಿ ಗೆರೆ ದಾಟಿತು, ಹೊನ್ನೇಶ ಫೇಲಾದ. ಮರುದಿನ ಚಹಾದಂಗಡಿಯಲ್ಲಿ ಮಲ್ಲು ಅವನಿಗೆ ‘ಉಸ್ತಾದನ ಕಾಲು’ ಎಂದು ಹೆಸರಿಟ್ಟ. ಎಲ್ಲರೂ ನಕ್ಕರು, ಅವನೂ ನಕ್ಕ.

“ನನ್ನ ಕಾಲಿಗೆ ನಿಲ್ಲತೈತೇನು ನೋಡಬೇಕಿತ್ರಿ. ಒಂದ ಸುತ್ತು ಹೋಗಿ ಬಂದು ಪಿನ್ನು ಹಾಕಾಂವ ಇದ್ದೆರಿ.”

“ಆಕಿನ್ನ ನೋಡಿದ್ಯೋ ಇಲ್ಲೋ?”

“ನೋಡೀನ್ರಿ. ದೂರಿಂದನ ನೋಡೀನಿ.” ಅವನು ಪಿನ್ನನ್ನೇ ದಿಟ್ಟಿಸುತ್ತಿದ್ದ. “ದಿನಾ ನಿಂತಂಗ ಲಾರಿ ನಿಲ್ಲತೈತಿ ಅಂತ ಕುಂತಿದ್ದೆರಿ.”

4.40ಕ್ಕೆ ದಸ್ತಗಿರಿ. ಪಿನ್ನು, ತಂತಿ ಜಪ್ತಾದವು. ಕಲಂ 106ರ ಜಾಗದಲ್ಲಿ 105, ಅಂದರೆ ಕೊಲೆಯಲ್ಲದ ನರಹತ್ಯೆ, ಸೇರಿಸಲು ನ್ಯಾಯಾಲಯಕ್ಕೆ ಪತ್ರ ಹೊರಟಿತು. ಅದಕ್ಕೆ ಠಾಣೆಯಲ್ಲಿ ಜಾಮೀನಿಲ್ಲ. ಸಕ್ರಪ್ಪ ಶಿರಹಟ್ಟಿಗೆ ಫೋನ್ ಮಾಡಿ ಹೊನ್ನೇಶನ ಅಣ್ಣನಿಗೆ ವಿಷಯ ಮುಟ್ಟಿಸಿದ.

ಬೆಂಚಿನ ಹತ್ತಿರ ನಂದೀಶ ತಾನೇ ಹೋದ. ನಿಮ್ಮ ಕಾಲು ಒತ್ತಿತ್ತು, ಕೆಳಗೆ ಪಿನ್ನು ಇರಲಿಲ್ಲ, ತಪ್ಪು ಕಾಲಿನದಲ್ಲ ಎಂದು ಮೆಲ್ಲಗೆ ಬಿಡಿಸಿ ಹೇಳಿದ. ಮುದುಕನ ಮುಖ ಹಗುರಾಗುತ್ತದೆಂದು ಕಾದ. ಆಗಲಿಲ್ಲ.

“ಉಸ್ತಾದ್, ಒಮ್ಮೆ ಕಾಲು ತಗೀರಿ ಅಂತ ಆ ಹುಡುಗ ದಿನಾ ಕೇಳತಿದ್ದ,” ಎಂದ ಮರ್ದಾನಸಾಬ. “ತಗದೀನಿ, ನಡಿ ಅಂತಿದ್ದೆ. ತಗದಿರತಿರಲಿಲ್ರಿ. ನನಗ ಅಂಜಿಕಿ. ಮೊನ್ನೆ ಗಾಡಿ ನಿಲ್ಲಿಸಿ ಬಗ್ಗಿ ನೋಡಿದ, ನನ್ನ ಕಾಲು ಬ್ರೇಕಿನ ಮ್ಯಾಲ ಇತ್ರಿ.”

“ಏನಂದ?”

“ಮತ್ತ ಗಾಡಿ ನಡಸಿದ.”

ಸಕ್ರಪ್ಪ ಹೊಸ ಹಾಳೆ ತೆಗೆದು ಮೇಲೆ ‘ಸಾಕ್ಷಿಯ ಹೇಳಿಕೆ’ ಎಂದು ಬರೆದ. ಈ ಮಾತನ್ನೂ ಹಾಕಬೇಕೇ ಎನ್ನುವಂತೆ ನಂದೀಶನ ಮುಖ ನೋಡಿದ. ನಂದೀಶ ಏನಾದರೂ ಹೇಳುವ ಮೊದಲೇ, ಹಾಕ್ರಿ ಎಂದ ಮುದುಕ.