ನಾದಿನಿ ಕೇಳಿದ ಬೆಲೆ

“ಮಗು ನನ್ನದಾಗಲಿ ಅತ್ತಿಗೆ, ಅಣ್ಣ ನಿಮಗೆ ಉಳೀತಾನೆ. ಇಲ್ಲಾಂದ್ರೆ ನಾನು ಈಗಲೇ ಮನೆಗೆ ಹೊರಟೆ.”

ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ ನಿಂತು ನಾದಿನಿ ಇದನ್ನು ಬಸ್ಸಿನಲ್ಲಿ ಸೀಟು ಕೇಳುವಷ್ಟು ಸಲೀಸಾಗಿ ಹೇಳಿಬಿಟ್ಟಳು. ಯೂನಿಫಾರಂ ಹೊಲಿದು ಸಂಸಾರಕ್ಕೆ ಆಸರೆಯಾಗಿದ್ದ ಅತ್ತಿಗೆ ಪಕ್ಕದಲ್ಲಿ ನಿಂತಿದ್ದ ಮಗಳನ್ನು ಎಳೆದು ತಬ್ಬಿಕೊಂಡಳು. ಬಸ್ ಡ್ರೈವರ್ ಗಂಡನಿಗೆ ರಕ್ತದ ಕ್ಯಾನ್ಸರ್ ಎಂದಾಗ ಅತ್ತವಳು, ಚಿಕಿತ್ಸೆಯ ಖರ್ಚೆಲ್ಲ ಸರ್ಕಾರದ್ದು ಎಂಬ ಪತ್ರ ಕೈಗೆ ಬಂದಾಗಲೂ ಅತ್ತಿದ್ದಳು, ಸಂತೋಷಕ್ಕೆ! ಹೊಸ ರಕ್ತ ಹುಟ್ಟಿಸುವ ಆಕರಕೋಶ ಅವನಿಗೆ ಹೊಂದಿಕೆಯಾಗಿದ್ದು ತಂಗಿಯದು ಮಾತ್ರ. “ಅಣ್ಣನಿಗಲ್ದೆ ಇನ್ಯಾರಿಗೆ ಕೊಡ್ಲಿ?” ಎಂದು ನಗುತ್ತ ಒಪ್ಪಿಗೆ ಪತ್ರಕ್ಕೆ ರುಜು ಹಾಕಿದ್ದಳು ನಾದಿನಿ. ಆ ಮಾತು ನಂಬಿ ವೈದ್ಯರು ಕಟುವಾದ ಔಷಧಿ ಕೊಟ್ಟು ಅವನ ಮೂಳೆಯೊಳಗಿನ ಮಜ್ಜೆಯನ್ನೆಲ್ಲ ಬರಿದುಮಾಡಿದ್ದರು. ಇನ್ನು ಹೊಸ ಕೋಶ ಸಿಗದಿದ್ದರೆ, ಸೋಂಕು ತಗಲದಂತೆ ಇಟ್ಟಿದ್ದ ಗಾಜಿನ ಕೋಣೆಯಿಂದ ಅವನು ಜೀವಂತ ಹೊರಬರುವಂತಿರಲಿಲ್ಲ. ನಾದಿನಿ ಕಾದಿದ್ದು ಈ ದಿನಕ್ಕೇ...

ಅತ್ತಿಗೆ ಕೆಳಗಿದ್ದ ಸರ್ಕಾರಿ ಚಿಕಿತ್ಸಾ ಯೋಜನೆಯ ಕಚೇರಿಗೆ ಓಡಿದಳು. “ಮೇಡಂ, ಕೋಶ ಕೊಡೋರು ಬದಲಿಗೆ ಏನಾದ್ರೂ ಕೇಳಿದ್ರೆ?”

“ಹಾಗೇನಾದ್ರೂ ಗೊತ್ತಾದ್ರೆ ನಾವೇ ನಿಲ್ಲಿಸ್ಬೇಕಾಗುತ್ತಮ್ಮ. ಬಲವಂತಾನೂ ಮಾಡೋ ಹಾಗಿಲ್ಲ. ಯಾಕೆ, ಯಾರಾದ್ರೂ ಕೇಳಿದ್ರಾ?”

“ಇಲ್ಲ ಮೇಡಂ... ಸುಮ್ನೆ ಕೇಳ್ದೆ.”

ಮೇಲೆ ಬಂದು ನಾದಿನಿಯ ಕಾಲು ಹಿಡಿದಳು. “ನಾಲ್ಕು ವರ್ಷದ ಕೂಸು ಕಣಮ್ಮ... ಬೇರೆ ಏನು ಬೇಕಾದ್ರೂ ಕೇಳು!”

“ನಂಗೆ ಎರಡು ಸಲ ಹೊಟ್ಟೇಲೇ ಹೋಯ್ತು. ಇವಳು ಹುಟ್ಟಿದಾಗ ಎತ್ಕೊಳ್ಳೋಕೆ ಬಂದೆ. ‘ಬಂಜೆ ಕಣ್ಣು ಬೀಳುತ್ತೆ’ ಅಂತ ಸೆರಗು ಮುಚ್ಚಿದ್ರಿ. ನೆನಪಿದ್ಯಾ?”

ನೆನಪಿತ್ತು. ಅವಳು ತಲೆ ತಗ್ಗಿಸಿದಳು.

“ಕೆಳಗೆ ನಮ್ಮನೆಯವರು ಕಾರಲ್ಲಿದಾರೆ. ಮಗು ಹತ್ತಿದ ಮೇಲೆ ನಾನು ಒಳಗೆ ಹೋಗ್ತೀನಿ. ಆಮೇಲೆ ವಾಪಸ್ ಕೇಳ್ಬೇಡಿ. ಅಣ್ಣಂಗೆ ಮತ್ತೆ ನನ್ನ ಕೋಶ ಬೇಕಾಗ್ಬಹುದು ಅಂತ ಡಾಕ್ಟ್ರೇ ಹೇಳಿದಾರೆ.”

ಅವಳು ಮಗಳನ್ನು ಎತ್ತಿಕೊಂಡು ಮೆಟ್ಟಿಲಿಳಿದಳು. ಚಪ್ಪಲಿಯ ಪಟ್ಟಿ ಬಿಗಿದು ಕಾರಿನಲ್ಲಿ ಕೂರಿಸಿದಳು. “ಅಮ್ಮ, ನೀನು?” ಎಂದು ಮಗು ಕೈ ಚಾಚಿದಾಗ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಾಗಿಲು ಹಾಕಿದಳು.

ಅಂದೇ ನಾದಿನಿ ಕೋಶ ಕೊಟ್ಟಳು. ಮಾತು ತಪ್ಪಲಿಲ್ಲ.

ಐದು ತಿಂಗಳ ಮೇಲೆ, ಸೋಂಕು ತಗಲೀತೆಂದು ಮಗಳನ್ನು ತಂಗಿಯ ಮನೆಯಲ್ಲಿಟ್ಟಿದ್ದಾರೆ ಎಂದುಕೊಂಡಿದ್ದ ಡ್ರೈವರ್, “ನಡಿ, ಕೂಸನ್ನ ಕರ್ಕೊಂಡು ಬರೋಣ” ಎಂದು ಅಂಗಿ ತೊಟ್ಟ. ಆಗ ಅವಳು ಎಲ್ಲವನ್ನೂ ಹೇಳಿದಳು. ಅವನು ಗೋಡೆಗೆ ತಲೆ ಚಚ್ಚಿಕೊಂಡ. “ನನ್ನನ್ನ ಸಾಯೋಕೆ ಬಿಡಬಾರ್ದಿತ್ತಾ! ಬದುಕ್ಸು ಅಂತ ನಾನು ಕೇಳಿದ್ನಾ?” ಆದರೂ ಇಬ್ಬರೂ ಹೋದರು. ಒಮ್ಮೆ ನೋಡಿಯಾದರೂ ಬರೋಣವೆಂದು.

ಕರೆಗಂಟೆ ಒತ್ತಿದಾಗ ಮಗಳೇ ಬಾಗಿಲು ತೆಗೆದಳು. ಮೈಕೈ ತುಂಬಿಕೊಂಡು, ಹೊಸ ಫ್ರಾಕು ತೊಟ್ಟು ನಿಂತಿದ್ದಳು. ಇಬ್ಬರನ್ನೂ ಒಂದು ಗಳಿಗೆ ನೋಡಿ, ಕಲಿಸಿದ ಪಾಠ ಒಪ್ಪಿಸುವಂತೆ ಒಳಗೆ ಕೂಗಿದಳು:

“ಅಮ್ಮಾ, ಮಾವ ಅತ್ತೆ ಬಂದಿದಾರೆ!”

ಹೆತ್ತವಳು ಬಾಯಿಗೆ ಸೆರಗು ಒತ್ತಿಕೊಂಡಳು. ಡ್ರೈವರ್ ಹೊಸ್ತಿಲಲ್ಲಿ ಮೆಲ್ಲಗೆ ಕುಳಿತು ಮಗಳ ಕೆನ್ನೆ ಸವರಿದ.

“ಹೂಂ ಪುಟ್ಟಾ... ಮಾವ ಬಂದಿದೀನಿ” ಎಂದ.