ಮೇಸ್ತ್ರಿಯ ದಾರ

"ಕಾಲು ತೆಗೀರಿ ಮೇಸ್ತ್ರಿ! ಅಲ್ಲಿ ಬೀನ್ಸ್ ಇದೆ."

ಅವನು ಒಂದು ಕಾಲೆತ್ತಿ ಕೊಕ್ಕರೆಯ ಹಾಗೆ ನಿಂತ. ಕೆಳಗೆ ಬರೀ ಮಣ್ಣು.

"ಎಲ್ಲಿ?"

"ಮಣ್ಣೊಳಗೆ. ನಿನ್ನೆ ಹಾಕಿದ್ದು."

"ಇನ್ನೂ ಹುಟ್ಟೇ ಇಲ್ಲ, ಆಗಲೇ ಇಷ್ಟು ಕಾವಲಾ?" ಎಂದು ನಕ್ಕ. ಅವನ ನಗು ತುಟಿಗೆ ಬರುವ ಮೊದಲೇ ಕಣ್ಣಂಚಿಗೆ ಬರುತ್ತಿತ್ತು. ನಾನು ಅದನ್ನು ಗಮನಿಸಲಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ.

ಅವನನ್ನು ಕಳಿಸಿದ್ದು ಮಹಡಿ ಮೇಲಿನ ಅಣ್ಣ. ಹಿತ್ತಿಲಿಗೆ ಸಿಮೆಂಟು ಹಾಕಿಸಿ ಕಾರು ನಿಲ್ಲಿಸುವ ಆಸೆ ಅವನಿಗೆ. ಕೆಳಗಿನ ಮನೆಯನ್ನೂ ಹಿತ್ತಿಲನ್ನೂ ಅಪ್ಪ ನನ್ನ ಹೆಸರಿಗೆ ಬರೆದಿದ್ದರೂ ಅಣ್ಣ ನನ್ನನ್ನು ಕೇಳಿರಲಿಲ್ಲ. ಗಂಡ ತೀರಿಕೊಂಡ ಮೇಲಿನ ಈ ಆರು ವರ್ಷ ನನ್ನದೆಲ್ಲವನ್ನೂ ಅವನೇ ತೀರ್ಮಾನಿಸುತ್ತಿದ್ದ. ನಾನು ಹೊಲಿಗೆ ಮಿಷನ್ನಿನ ಮುಂದೆ ತಲೆ ತಗ್ಗಿಸಿ ಕೂತು ಹೂಂ ಅನ್ನುತ್ತಿದ್ದೆ.

ಮೇಸ್ತ್ರಿ ನಾಲ್ಕು ಮೂಲೆಗೆ ಗೂಟ ಹೊಡೆದು, ಅಳತೆಗೆ ದಾರ ಕಟ್ಟಿದ.

"ಮೊಳಕೆ ನೋಡೋವರೆಗೆ ಸಿಮೆಂಟ್ ಬೇಡ," ಎಂದೆ. ಮಾತಾಡಿದ್ದು ನಾನೇ ಎಂದು ನನಗೇ ನಂಬಿಕೆ ಬರಲಿಲ್ಲ.

"ಎಷ್ಟು ದಿನ ಬೇಕು ಟೈಲರಮ್ಮ?"

"ಎಂಟು."

"ಹತ್ತು ತಗೊಳ್ಳಿ. ಬೇರೆ ಕಡೆ ಕೆಲಸ ಇದೆ ಅಂತ ನಿಮ್ಮಣ್ಣಂಗೆ ನಾನು ಹೇಳ್ತೀನಿ."

ಏಳನೆಯ ಬೆಳಿಗ್ಗೆ ಹಾಲು ಕಾಯಲು ಇಟ್ಟು ಹಿತ್ತಿಲಿಗೆ ಹೋದೆ. ಮಣ್ಣು ಬಿರುಕು ಬಿಟ್ಟಿತ್ತು. ಬಿಳಿ ಕತ್ತೊಂದು ಬಾಗಿ, ತಲೆ ಇನ್ನೂ ಒಳಗೇ ಸಿಕ್ಕಿಕೊಂಡಿದ್ದರೂ, ಎದ್ದೇ ತೀರುತ್ತೇನೆಂದು ಮಣ್ಣಿನ ಹೆಂಟೆಯೊಂದನ್ನು ಎತ್ತಿ ಹಿಡಿದಿತ್ತು. ಅದಕ್ಕಿಂತ ಹತ್ತುಪಟ್ಟು ದೊಡ್ಡ ಹೆಂಟೆ! ಮಗಳಿಗೆ ಕತ್ತು ನಿಂತ ದಿನ ನೆನಪಾಯಿತು. ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ. ಒಳಗೆ ಹಾಲು ಉಕ್ಕಿತು. ಉಕ್ಕಲಿ ಬಿಡು ಎನ್ನಿಸಿತು.

ಹಿತ್ತಿಲ ಗೇಟು ಕಿರುಗುಟ್ಟಿತು.

"ದಾರ ಸಡಿಲ ಆಯ್ತೇನೋ ನೋಡೋಕೆ ಬಂದೆ," ಎಂದ ಮೇಸ್ತ್ರಿ. ದಾರದ ಕಡೆ ನೋಡಲೇ ಇಲ್ಲ. ಪಕ್ಕದಲ್ಲಿ ಕೂತು, ಸಿಮೆಂಟಿನಿಂದ ಒರಟಾದ ಬೆರಳನ್ನು ಮೊಳಕೆಯ ಹತ್ತಿರ ತಂದು, ಮುಟ್ಟದೆ ಹಿಂತೆಗೆದ. ಆ ಮುಟ್ಟದ ಬೆರಳನ್ನು ನೆನೆಯುತ್ತಾ ನಾನು ಆ ದಿನ ಒಂದು ಅಂಗಿಗೆ ಎರಡೂ ಎಡತೋಳು ಹೊಲಿದೆ.

ಹತ್ತು ದಿನ ನಲವತ್ತಾಯಿತು. ಅವನು ದಿನಾ ದಾರ ನೋಡಲು ಬಂದ.

"ಮದುವೆ ಯಾಕಾಗ್ಲಿಲ್ಲ ಮೇಸ್ತ್ರಿ?"

"ಊರವರ ಮನೆ ಕಟ್ಟೋದ್ರಲ್ಲೇ ಟೈಮ್ ಆಗೋಯ್ತು."

ಬಳ್ಳಿಯ ಕುಡಿ ಗಾಳಿಯಲ್ಲಿ ತಡಕಾಡಿ ಅವನ ದಾರವನ್ನೇ ಹಿಡಿದಾಗ, ಅವನು ಗೂಟದಿಂದ ನನ್ನ ಹೊಲಿಗೆ ಕೋಣೆಯ ಕಿಟಕಿಯವರೆಗೆ ಇನ್ನೊಂದು ದಾರ ಎಳೆದು, ಕುಡಿಯನ್ನು ತಾನೇ ಸುತ್ತಿ ಹೋದ. ಮಾರನೆಯ ದಿನ ಅದು ಪೂರ್ತಿ ಬಿಚ್ಚಿಕೊಂಡಿತ್ತು.

"ನಾನು ಒಂದು ಕಡೆ ಸುತ್ತಿದ್ರೆ ಇದು ಇನ್ನೊಂದು ಕಡೆ ಸುತ್ತಿದೆಯಲ್ಲ ಕಣ್ರೀ!"

"ಅದಕ್ಕೆ ಹೇಗೆ ಬೇಕೋ ಹಾಗೇ ಅದು ಸುತ್ತೋದು."

"ಹಟಮಾರಿ."

"ಯಾರು?"

"ಇಬ್ರೂ," ಎಂದವನ ಕಿವಿ ಕೆಂಪಾಯಿತು.

ಆ ಭಾನುವಾರ ಅಣ್ಣ ಕೆಳಗಿಳಿದು ಬಂದ. ಗೇಟಿನ ಬಳಿ ಸಿಮೆಂಟು ಮೂಟೆಗಳು ಬಂದು ಕೂತಿದ್ದವು.

"ಏನ್ ಮೇಸ್ತ್ರಿ, ಇವತ್ತಾದ್ರೂ ಶುರು ಮಾಡ್ತೀಯೋ ಇಲ್ವೋ?"

"ಜಾಗ ಅವರದು ಸಾರ್. ಅವರು ಹೂಂ ಅಂದ್ರೆ ಈಗಲೇ."

ಅಣ್ಣ ನನ್ನತ್ತ ತಿರುಗಿದ.

"ಬೇಡ ಅಣ್ಣ."

"ನಾಲ್ಕು ಬೀನ್ಸ್ ಗಿಡಕ್ಕೋಸ್ಕರಾನಾ?"

"ಒಂದೇ ಇದ್ದಿದ್ರೂ ಬೇಡ."

ಅವನು ದನಿ ತಗ್ಗಿಸಿದ. "ನೋಡಮ್ಮ, ಈ ಮನುಷ್ಯ ದಿನಾ ಹಿತ್ತಿಲಿಗೆ ಯಾಕೆ ಬರ್ತಾನೆ ಅಂತ ಬೀದಿಯವರು ಕೇಳ್ತಿದ್ದಾರೆ. ಏನು ಹೇಳ್ಲಿ ಅವರಿಗೆ?"

ಆರು ವರ್ಷದ ಹೂಂ ಗಂಟಲಿಗೆ ಬಂದು ನಿಂತಿತು. ನುಂಗಿಕೊಂಡೆ.

"ನನ್ನ ತಂಗೀನ ನೋಡೋಕೆ ಬರ್ತಾನೆ ಅನ್ನು. ಅವಳು ಕಾಯ್ತಾ ಇರ್ತಾಳೆ ಅಂತಾನೂ ಹೇಳು."

ಮೇಸ್ತ್ರಿಯ ಕೈಯಲ್ಲಿದ್ದ ಕರಣೆ ಠಣ್ಣೆಂದು ಕಲ್ಲಿನ ಮೇಲೆ ಬಿತ್ತು.

"ಕಾಲೇಜಿಗೆ ಹೋಗೋ ಮಗಳಿದ್ದಾಳೆ. ಅವಳಿಗೇನು ಹೇಳ್ತೀಯ?"

"ಅವಳೇ ಮೊದಲು ಕೇಳಿದ್ದು ಅಣ್ಣ. 'ಅಮ್ಮಾ, ಆ ದಾರ ಏನು ಬಂಗಾರದ್ದಾ, ದಿನಾ ಬಂದು ನೋಡಿ ಹೋಗ್ತಾರೆ?' ಅಂತ."

ಅಣ್ಣ ಮೂಟೆಗಳ ಕಡೆ ತಿರುಗಿದ. "ಸಿಮೆಂಟ್ ಗಟ್ಟಿಯಾಗಿ ಹಾಳಾಗುತ್ತೆ," ಎಂದಷ್ಟೇ ಗೊಣಗಿ ಮಹಡಿ ಹತ್ತಿದ. ಮೇಲಿನ ಬಾಗಿಲು ಧಡಾರೆಂದಿತು.  ನಾನು ತಲೆ ತಗ್ಗಿಸಲಿಲ್ಲ.

"ಹೇಳಿದ್ದು ನಿಜಾನಾ ಟೈಲರಮ್ಮ?"

"ನನ್ನರ್ಧ ನಿಜ. ಇನ್ನರ್ಧ ನಿಮ್ಮದು, ನೀವೇ ಹೇಳ್ಬೇಕು."

ಅವನು ಕಿಟಕಿ ಮುಟ್ಟಿದ್ದ ಬಳ್ಳಿಯನ್ನು ನೋಡಿದ. ಎಲೆಗಳ ನಡುವೆ ಅಂದು ಮೊದಲ ಬಿಳಿ ಹೂ ಬಿಟ್ಟಿತ್ತು.

"ಇಪ್ಪತ್ತು ವರ್ಷದಿಂದ ನೆಲ ಮುಚ್ತಾನೇ ಬಂದೆ. ಅದರೊಳಗಿಂದ ಏನೋ ಏಳೋದನ್ನ ಕೂತು ನೋಡಿದ್ದು ಇದೇ ಮೊದಲು. ಅದೂ ಒಂದೇ ದಿನ." ನಗು ಕಣ್ಣಂಚಿನಲ್ಲೇ ತಡೆದು ನಿಂತಿತ್ತು. "ಆಮೇಲೆ ನಿಮ್ಮನ್ನೇ ನೋಡ್ತಿದ್ದೆ."

ಕರಣೆಯನ್ನೆತ್ತಿ ಅವನ ಕೈಗಿಟ್ಟೆ. ಈ ಸಲ ಅವನ ಬೆರಳು ಹಿಂದೆ ಸರಿಯಲಿಲ್ಲ.

"ನಾಳೆ ಮುಂಬಾಗಿಲಿಂದ ಬನ್ನಿ."

"ಬೀದಿಯವರೆಲ್ಲ ನೋಡ್ತಾರೆ."

"ಅದಕ್ಕೇ ಹೇಳಿದ್ದು."

"ಏನು ನೆಪ ಹೇಳ್ಲಿ? ದಾರ ಅಂತೂ ಬಳ್ಳಿ ಪಾಲಾಯ್ತು."

"ನೆಪ ಬೇಡ ಮೇಸ್ತ್ರಿ. ಬೆಲ್ ಒತ್ತಿ."